ಬಲಮೊಣಕಾಲಿನ ನಾರು

ನಾರು ಎಂಬ ಕಾಯಿಲೆಯನ್ನು ಕಣ್ಣಾರೆ ಕಂಡವರು ಇಂದು ಅಪರೂಪ. ಕುಡಿಯುವ ನೀರಿನೊಂದಿಗೆ ಒಳಹೊಕ್ಕು, ಸುಮಾರು ಒಂದು ವರ್ಷ ಗುಟ್ಟಾಗಿ ಬೆಳೆದು, ಕೊನೆಗೆ ಕಾಲಿನ ಚರ್ಮವನ್ನು ಸುಟ್ಟುಕೊಂಡು ಬಿಳಿಯ ದಾರದಂತೆ ಹೊರಬರುವ ಹುಳ ಅದು. ನಮ್ಮ ದೇಶದಿಂದ ಅದು ತೊಲಗಿ ಎಷ್ಟೋ ಕಾಲವಾಯಿತು. ತೊಲಗಿದ ರೋಗದ ಕಥೆಯಿಂದ ಯಾರಿಗೇನು ಪ್ರಯೋಜನ ಎಂದು ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ಆದರೆ ಈಚೆಗೆ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿಗೆ ಕಾಯುತ್ತಿದ್ದಾಗ, ಎದುರಿನ ಬೆಂಚಿನ ಮೇಲೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗಿಯೊಬ್ಬಳನ್ನು ಕಂಡೆ. ಯಾರು ಏನು ಕೇಳಿದರೂ ಅವಳ ತಾಯಿಯೇ ಉತ್ತರ ಕೊಡುತ್ತಿದ್ದರು; ಹುಡುಗಿ ಗೋಡೆಯನ್ನು ನೋಡುತ್ತಿದ್ದಳು. ಆ ನೋಟ ನನಗೆ ಪರಿಚಿತ. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂರುವಷ್ಟರಲ್ಲಿ ಅವಳ ಹೆಸರು ಕೂಗಿದರು. ಕೂತಿದ್ದರೆ ಹೇಳುತ್ತಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಸನಗಳ ಕಾಲನಿರ್ಣಯ ನಾನು ಬದುಕಿನುದ್ದಕ್ಕೂ ಮಾಡಿದ ಕೆಲಸ. ಕಲ್ಲಿನ ಮೇಲೆ ಕೆತ್ತಿದ ತಿಥಿ ವಾರಗಳೇ ಒಂದಕ್ಕೊಂದು ಹೊಂದದಿರುವುದನ್ನು ಕಂಡವಳು ಸ್ವಂತ ನೆನಪನ್ನು ಸುಲಭವಾಗಿ ನಂಬಲಾರಳು. ಆದ್ದರಿಂದ ಮೊದಲು ಕಾಲವನ್ನು ಗಟ್ಟಿಮಾಡಿಕೊಳ್ಳುತ್ತೇನೆ. ನಾವು ಸೇವಾ ಶಿಬಿರಕ್ಕೆ ಹೋದದ್ದು ಎಪ್ಪತ್ತೆರಡರ ಬರದ ಬೆನ್ನಿಗೆ ಬಂದ ಬೇಸಗೆಯ ಕೊನೆಯಲ್ಲಿ. ಅದರ ಮರುವರ್ಷದ ಬೇಸಗೆಯಲ್ಲಿ ದೇಶದ ರೈಲುಗಳೆಲ್ಲ ಮುಷ್ಕರದಿಂದ ನಿಂತಾಗ ನಾವು ಹುಬ್ಬಳ್ಳಿಯ ಪಂದ್ಯಾವಳಿಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಿಂತೇ ಇದ್ದೆ, ಆದ್ದರಿಂದ ಆಗ ನನ್ನ ಕಾಲು ಚೆನ್ನಾಗಿತ್ತು. ಕೆಟ್ಟದ್ದು ಆ ಬಳಿಕದ ನಾಗರ ಪಂಚಮಿಯ ಆಸುಪಾಸು. ಪಂಚಮಿ ಆ ವರ್ಷ ಆಗಸ್ಟಿನಲ್ಲಿತ್ತು ಎಂಬುದು ನನ್ನ ನೆನಪು. ಹಳೆಯ ಪಂಚಾಂಗ ತೆಗೆದು ನೋಡಿದರೆ ಅದು ಜುಲೈ ತಿಂಗಳಲ್ಲಿಯೇ ಬಂದುಹೋಗಿದೆ. ಪಂಚಾಂಗವನ್ನೇ ಒಪ್ಪಿದ್ದೇನೆ. ತಾಳೆ ನೋಡಲಾಗದ ಸಂಗತಿಗಳನ್ನು ನೆನಪು ಎಂದಷ್ಟೇ ತಿಳಿಯಬೇಕು.

ನಮ್ಮದು ಬಬಲೇಶ್ವರದ ಒಕ್ಕಲುತನದ ಮನೆ. ಕಾಲೇಜು ಓದಲು ನಾನು ಪಟ್ಟಣದಲ್ಲಿ ಅಥಣಿ ರಸ್ತೆಯ ಕಾಕಾನ ಮನೆಯಲ್ಲಿದ್ದೆ. ಆಗಿನ್ನೂ ಆ ಊರಿನ ಹೆಸರನ್ನು ಬಿಜಾಪುರ ಎಂದು ಬರೆಯುತ್ತಿದ್ದರು. ತಂದೆಯ ತಮ್ಮನಾದ ಕಾಕಾ ಪೇಟೆಯಲ್ಲಿ ಹಗ್ಗ, ಮಿಣಿ, ನೇಗಿಲ ಕುಳ ಮಾರುವ ಅಂಗಡಿ ಇಟ್ಟಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಾನು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ನಾಯಕಿಯಾದ ಮೇಲೆ ಪಂದ್ಯವಿದ್ದ ದಿನ ಅವರ ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ. ಆಟದ ನಿಯಮ ಒಂದೂ ತಿಳಿಯದು. ಚೆಂಡು ನನ್ನ ಕೈಗೆ ಬಂದರೆ ಸಾಕು, ಅಂಕಣದ ಅಂಚಿನಲ್ಲಿ ಎದ್ದು ನಿಂತು "ಒಗಿ! ಲೇ ಶಾರಿ, ಒಗಿ ಅಂತೀನಿ!" ಎಂದು ಕೂಗುವರು. ನಾನು ಆಚೆ ತುದಿಯಲ್ಲಿದ್ದರೂ ಅದೇ ಕೂಗು. ನನ್ನ ಗೆಳತಿ ರಝಿಯಾ ಒಮ್ಮೆ ಕೇಳಿಯೇಬಿಟ್ಟಳು: "ಕಾಕಾ, ಇಲ್ಲಿಂದ ಒಗದ್ರ ಚೆಂಡು ತೊರವಿಗೆ ಹೋಗತೈತ್ರಿ!"

"ಹೋಗವಲ್ಲದ್ಯಾಕ! ಇವತ್ತ ತೊರವಿ, ನಾಳೆ ಧಾರವಾಡ," ಎಂದರು ಕಾಕಾ.

ತೊರವಿ ಎಂದರೆ ಪಟ್ಟಣದ ಹೊರಗಿನ ಹಳ್ಳಿ. ಧಾರವಾಡ ಎಂದರೆ ವಿಶ್ವವಿದ್ಯಾಲಯದ ಮಹಿಳಾ ತಂಡದ ಆಯ್ಕೆ. ನಮ್ಮ ಕಾಲೇಜಿನಿಂದ ಅಲ್ಲಿಯವರೆಗೆ ಹುಡುಗಿಯರು ಯಾರೂ ಹೋಗಿರಲಿಲ್ಲ. ತರಗತಿಯಲ್ಲಿ ನಾನು ಮುಂದಿದ್ದೆ, ಬರಗಾಲದ ಗಂಜಿ ಕೇಂದ್ರದಲ್ಲಿ ದುಡಿದಿದ್ದೆ, ಶಿಬಿರಕ್ಕೆ ಮೊದಲು ಹೆಸರು ಕೊಡುವವಳೂ ನಾನೇ. ಓದು, ಆಟ, ಸೇವೆ ಮೂರೂ ಇರುವ ವಿದ್ಯಾರ್ಥಿನಿ ಎಂದು ಪ್ರಾಚಾರ್ಯರು ವೇದಿಕೆಯ ಮೇಲೆ ನನ್ನನ್ನು ತೋರಿಸುತ್ತಿದ್ದರು. ಆ ಹೊಗಳಿಕೆ ನನಗೆ ಹಿಡಿಸುತ್ತಿತ್ತು. ಮೂರನ್ನೂ ಬಿಟ್ಟುಕೊಡದೆ ಧಾರವಾಡಕ್ಕೆ ಹೋಗುವುದು ನನ್ನ ಹಟವಾಗಿತ್ತು.

ಶಿಬಿರ ನಡೆದ ಊರು ಟಿಕೋಟಾ ದಾಟಿ ಕನಮಡಿಯ ದಾರಿಯಲ್ಲಿತ್ತು. ಹೆಸರು ಬರೆಯುವುದಿಲ್ಲ, ಆ ಊರವರು ನಮ್ಮನ್ನು ಮಕ್ಕಳಂತೆ ನೋಡಿಕೊಂಡರು, ಅವರ ನೀರಿಗೆ ಕಳಂಕ ಹಚ್ಚುವ ಮನಸ್ಸಿಲ್ಲ. ಅಲ್ಲಿ ಒಂದು ಪಾವಟಿಗಿ ಬಾವಿ ಇತ್ತು. ಮೆಟ್ಟಿಲಿಳಿದು ನೀರಿನವರೆಗೆ ಹೋಗಿ ಕೊಡ ತುಂಬುವ ಹಳೆಯ ಬಾವಿ. ಬರದಲ್ಲಿ ಅದು ತಳ ಕಂಡಿತ್ತು. ಹೂಳೆತ್ತುವುದು ನಮ್ಮ ಕೆಲಸ. ಬುಟ್ಟಿಯಿಂದ ಬುಟ್ಟಿಗೆ ಕೆಸರನ್ನು ಮೇಲಕ್ಕೆ ದಾಟಿಸುತ್ತ, "ಪಾಸ್! ಪಾಸ್!" ಎಂದು ರಝಿಯಾ ಕೂಗುತ್ತಿದ್ದಳು, ಊರ ಹೆಂಗಸರು ಅದನ್ನು ಕಲಿತು ತಾವೂ ಕೂಗತೊಡಗಿದರು. ಕುಡಿಯುವ ನೀರನ್ನು ಅವರು ಸೆರಗಿನಲ್ಲಿ ಸೋಸುತ್ತಿದ್ದರು, ನಾವೂ ಸೋಸುತ್ತಿದ್ದೆವು. ಕಾಲೇಜಿನಲ್ಲಿ ನಮಗೆ ಅದನ್ನು ಹೇಳಿಕೊಟ್ಟೇ ಕಳಿಸಿದ್ದರು.

ಹೂಳು ಮುಗಿದು ಹೊಸ ಸೆಲೆ ಒಡೆದ ದಿನ ಗಂಗೆಯ ಪೂಜೆಯಾಯಿತು. ಹೆಣ್ಣಿಗೆ ಮಡಿಲು ತುಂಬುವಂತೆ ಬಾವಿಗೆ ಉಡಿ ತುಂಬಿದರು. ಆಮೇಲೆ ಕೆಲಸ ಮಾಡಿದವರೆಲ್ಲ ಕೊನೆಯ ಮೆಟ್ಟಿಲಲ್ಲಿ ಸಾಲಾಗಿ ನಿಂತು ಬೊಗಸೆಯಲ್ಲಿ ನೀರೆತ್ತಿ ಕುಡಿಯಬೇಕು. ನಾನು ಅಭ್ಯಾಸದಂತೆ ಬಟ್ಟೆ ತೆಗೆದೆ. ಪೂಜೆ ಮಾಡಿಸುತ್ತಿದ್ದ ಮುದುಕಿ ನನ್ನ ಕೈ ಹಿಡಿದುಕೊಂಡಳು.

"ಇವತ್ತ ಒಂದಿನ ಸೋಸಬಾರದ ನನ್ನವ್ವ. ಉಡಿ ತುಂಬಿಸಿಕೊಂಡ ಮ್ಯಾಲ ಈಕಿ ನಮ್ಮ ಮನಿ ಮಗಳು. ಮನಿ ಮಗಳನ್ನ ಯಾರರ ಸೋಸ್ತಾರೇನ?"

ಉಳಿದೆಲ್ಲ ದಿನ ಸೋಸಿದವರು ಅದೊಂದು ದಿನ ಸೋಸಲಿಲ್ಲ. ಮುದುಕಿಯೂ ಕುಡಿದಳು, ರಝಿಯಾಳೂ ಕುಡಿದಳು, ನಾನೂ ಕುಡಿದೆ. ನೀರು ತಣ್ಣಗಿತ್ತು, ಮಣ್ಣಿನ ವಾಸನೆಯಿತ್ತು.

ಮರುವರ್ಷ ಆಷಾಢದಲ್ಲಿ ಮೊದಲು ಮೈಯೆಲ್ಲ ತುರಿಕೆಯಾಗಿ ದದ್ದು ಎದ್ದವು. ಒಂದೆರಡು ದಿನ ಜ್ವರ. ಅನಂತರ ಬಲಮೊಣಕಾಲಿನ ಹೊರಮಗ್ಗುಲಲ್ಲಿ, ಚಿಪ್ಪಿನ ಪಕ್ಕಕ್ಕೆ, ಒಂದು ಬೊಬ್ಬೆ ಎದ್ದಿತು. ಆಟದಲ್ಲಿ ಬಿದ್ದ ಪೆಟ್ಟೆಂದು ಚಿಗವ್ವ ಎಣ್ಣೆ ಕಾಸಿ ಹಚ್ಚಿದಳು. ಚಿಗವ್ವ ಎಂದರೆ ಕಾಕಾನ ಹೆಂಡತಿ. ಉರಿ ಎಷ್ಟಿತ್ತೆಂದರೆ ಅಭ್ಯಾಸ ಮುಗಿಸಿ ಬಂದವಳು ಶೂ ಬಿಚ್ಚದೆಯೇ ಕಾಲನ್ನು ಬಚ್ಚಲ ನೀರಿನ ಹಂಡೆಗೆ ಇಳಿಸಿದೆ. ಬೊಬ್ಬೆ ಒಡೆಯಿತು. ನೀರು ಹಾಲಿನಂತೆ ಮಸುಕಾಯಿತು. ಹುಣ್ಣಿನ ನಡುವೆ ಬಿಳಿಯ ನೂಲಿನ ತುದಿಯೊಂದು ಕಾಣಿಸಿತು. ಎಣ್ಣೆ ಹಚ್ಚಿದ ಬಟ್ಟೆಯ ದಾರವಿರಬೇಕೆಂದು ನಾನು ಎಳೆಯಹೋದೆ. ಅದು ನನ್ನ ಒಳಗಿನಿಂದ ಎಳೆಯಿತು.

ಚಿಗವ್ವ ಚೀರಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿ ಹೊರಗಿನ ಬಾಗಿಲ ಅಗಳಿ ಹಾಕಿದಳು. ರೋಗಕ್ಕಿಂತ ಮೊದಲು ಆ ಅಗಳಿಯ ಸದ್ದು ನನಗೆ ನೆನಪಾಗುತ್ತದೆ. ಹೊಲಸು ನೀರು ಕುಡಿಯುವವರಿಗೆ ಬರುವ ರೋಗ, ಪಟ್ಟಣದ ಓಣಿಯಲ್ಲಿ ಮದುವೆಯ ವಯಸ್ಸಿನ ಹುಡುಗಿಗೆ ಬಂದಿತೆಂದರೆ! ಕೇಳಿದವರಿಗೆಲ್ಲ ಚಿಗವ್ವ ಹೇಳಿದ್ದು ಒಂದೇ ಮಾತು: "ಕಾಲು ಉಳುಕೈತ್ರಿ. ಆಡಬ್ಯಾಡ ಅಂದ್ರ ಕೇಳವಲ್ಲಳು."

ಬಬಲೇಶ್ವರದಿಂದ ಆಯಿಯನ್ನು ಕರೆಸಿದರು. ಆಯಿ ನನ್ನ ತಂದೆ ಮತ್ತು ಕಾಕಾನ ತಾಯಿ. ಬಸ್ಸಿಳಿದು ಬಂದವಳು ಕಾಲು ತೊಳೆದು, ನನ್ನ ಮೊಣಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿ, "ನಾರು. ಇಷ್ಟ ಅಲ್ಲ? ನಾ ಯಾರೋ ಸತ್ತಾರಂತ ಬಂದಿದ್ದೆ," ಎಂದಳು. ಆ ಮನೆಯಲ್ಲಿ ನನಗೆ ಉಸಿರಾಡಲು ಬಂದದ್ದು ಆಗಲೇ.

ನಾರನ್ನು ಎಳೆಯುವಂತಿಲ್ಲ, ಸುತ್ತಬೇಕು. ಕಡ್ಡಿಯೊಂದಕ್ಕೆ ಅದರ ತುದಿ ಸಿಕ್ಕಿಸಿ ಆಯಿ ದಿನಕ್ಕೊಂದು ಸುತ್ತು ಹಾಕುತ್ತಿದ್ದಳು. ಬಿಗಿಯಾಯಿತು ಅನ್ನಿಸಿದೊಡನೆ ಬಿಡುವಳು, ಕಡ್ಡಿಯನ್ನು ಕಾಲಿಗೆ ಕಟ್ಟಿ ಮೇಲೆ ಬೇವಿನೆಲೆಯ ತಪ್ಪಲು ಹಾಕುವಳು. ಇಡೀ ಹುಳ ಹೊರಬರಲು ವಾರಗಳೇ ಬೇಕು. ಧಾರವಾಡದ ಆಯ್ಕೆಯೋ ಪಂಚಮಿ ಮುಗಿದು ಕೆಲವೇ ವಾರಗಳಲ್ಲಿ ಇತ್ತು. ಕಾಕಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುನ್ನ, ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ, ಕಡ್ಡಿಯನ್ನು ನೋಡಿ ಹೋಗುವರು.

"ಯವ್ವಾ, ಇವತ್ತರ ಇನ್ನೊಂದು ಸುತ್ತು ಹಾಕಬೇ."

"ನಿನ್ನ ಅಂಗಡಿ ಹಗ್ಗ ಅಲ್ಲೋ ಇದು, ಸುತ್ತಿ ಗೂಟಕ್ಕ ಹಾಕಾಕ."

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ದಿನಗಟ್ಟಲೆ ನಡೆಯುವ ಆ ಹಬ್ಬದಲ್ಲಿ ನೆಲ ಅಗೆಯುವುದಿಲ್ಲ, ಏನನ್ನೂ ಕೊಯ್ಯುವುದಿಲ್ಲ, ಒಲೆಯ ಮೇಲೆ ಹೆಂಚಿಡುವುದಿಲ್ಲ. ನಾಗಪ್ಪನಿಗೆ ನೋವಾಗುತ್ತದೆಂಬ ನಂಬಿಕೆ. ರೊಟ್ಟಿಗಳನ್ನೆಲ್ಲ ಮೊದಲೇ ಬಡಿದಿಡುತ್ತಾರೆ. ಹಬ್ಬ ಹಿಡಿದ ದಿನ ಆಯಿ ನನ್ನ ಕಾಲಿನ ಮುಂದೆ ಕೂತು, ಪಟ್ಟಿ ಬಿಚ್ಚಿ, ಕಡ್ಡಿಯನ್ನು ಮುಟ್ಟದೆ ಮತ್ತೆ ಕಟ್ಟಿಬಿಟ್ಟಳು.

"ಯಾಕಬೇ?" ಎಂದರು ಕಾಕಾ.

"ಹಬ್ಬ ಮುಗೀಲಿ. ಹರಿಯೂ ಜೀವಕ್ಕ ಇವತ್ತ ಕೈ ಹಚ್ಚೂದಿಲ್ಲ ನಾ."

"ಹುಳ ಬ್ಯಾರೆ, ನಾಗಪ್ಪ ಬ್ಯಾರೆ. ಹುಡುಗಿ ಧಾರವಾಡಕ್ಕ ಹೋಗೂದೈತಿ."

"ನಾಗಪ್ಪಗ ಧಾರವಾಡ ಗೊತ್ತಿಲ್ಲ," ಎಂದಳು ಆಯಿ. ಓಣಿಯಲ್ಲಿ ಹುಡುಗಿಯರು ಜೋಕಾಲಿ ಆಡುತ್ತ ಕೇಕೆ ಹಾಕುತ್ತಿದ್ದರು. ನಾನು ಕಾಲು ಚಾಚಿ ಕೂತು ಅಳ್ಳು, ಅಂದರೆ ಜೋಳದ ಅರಳು, ತಿಂದೆ.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಆಯಿ ಅಡುಗೆಮನೆಯ ಭಾಂಡೆಗಳನ್ನು ತೊಳೆಯಲು ಹಿತ್ತಲಿಗೆ ಹೋದಾಗ ಕಾಕಾ ನನ್ನ ಪಕ್ಕದಲ್ಲಿ ಕೂತರು. ನಿಂತುಹೋದ ಸುತ್ತುಗಳನ್ನು ಅವರು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರೆಂದು ಕಾಣುತ್ತದೆ. "ಹಬ್ಬದಾಗ ಉಳದದ್ದು ಇವತ್ತ ತೀರಿಸಿಬಿಡೂಣು. ಸಾವಕಾಶ ಮಾಡ್ತೀನಿ. ನೀ ಅತ್ತ ನೋಡು," ಎಂದರು. ಧಾರವಾಡಕ್ಕೆ ಹೋಗುವ ಆಸೆ ಅವರಿಗಿಂತ ನನಗೇನೂ ಕಡಿಮೆ ಇರಲಿಲ್ಲ. ಅತ್ತ ನೋಡಿದೆ. ಒಂದು ಸುತ್ತು ಸಲೀಸಾಗಿ ಬಂತು. ಎರಡನೆಯದೂ ಬಂತು. "ಬರಾಕತ್ತೈತಿ ನೋಡು! ನೋಡು!" ಎಂದು ಅವರು ಅಂಕಣದ ಅಂಚಿನ ದನಿಯಲ್ಲೇ ಹೇಳಿದರು. ಆಮೇಲೆ ಆ ದನಿ ನಿಂತಿತು. ನನಗೆ ನೋವಾಗಲಿಲ್ಲ. ಒಳಗೆಲ್ಲೋ ಬಿಗಿ ಸಡಿಲಾಯಿತು, ಅಷ್ಟೆ. ತಿರುಗಿ ನೋಡಿದರೆ ಕಡ್ಡಿ ಅವರ ಕೈಯಲ್ಲಿ ಬಿಡಿಯಾಗಿತ್ತು. ಹುಣ್ಣಿನಲ್ಲಿ ನೂಲಿನ ತುದಿ ಇರಲಿಲ್ಲ.

ಆಯಿ ಒದ್ದೆ ಕೈಯಲ್ಲಿ ಬಂದಳು, ನೋಡಿದಳು. ಬೈಯಲಿಲ್ಲ. ಅವಳು ಬೈಯದಿದ್ದುದನ್ನು ಕಂಡೇ ನನಗೆ ಭಯವಾಯಿತು.

ಹರಿದ ನಾರು ಒಳಗೇ ಸುರುಟಿಕೊಂಡು ಕೀವಾಗುತ್ತದೆ. ನನ್ನದು ಕೀಲಿನ ಪಕ್ಕದಲ್ಲೇ ಹರಿದಿತ್ತು. ಮೊಣಕಾಲು ಬಾತು ಕೆಂಪಾಗಿ ತೊಡೆಗಿಂತ ದಪ್ಪವಾಯಿತು. ಜ್ವರದಲ್ಲಿ ನಾನು ಚೆಂಡು ಕೇಳುತ್ತಿದ್ದೆನಂತೆ. ಟಾಂಗಾದಲ್ಲಿ ಮಲಗಿಸಿಕೊಂಡು ದವಾಖಾನೆಗೆ ಒಯ್ದರು. ಹೊರಗಿನ ಉದ್ದನೆಯ ಪಡಸಾಲೆ ತುಂಬ ಹಳ್ಳಿಗಳಿಂದ ಬಂದ ಜನ. ಗೋಡೆಗೊರಗಿದವರು, ಕೂಸಿಗೆ ಗಾಳಿ ಹಾಕುವವರು. ಕಾಲಿಗೆ ಬೇವಿನ ತಪ್ಪಲು ಕಟ್ಟಿಕೊಂಡವರು ನನ್ನ ಹಾಗೆಯೇ ಇನ್ನೂ ಮೂವರು ಇದ್ದರು. ಚಿಗವ್ವ ಅವರಿಂದ ದೂರದ ಜಾಗ ಹುಡುಕಿದಳು. ಅವರಲ್ಲೊಬ್ಬಳು ನಾವು ಕೇಳದೆಯೇ ಸರಿದು ನನ್ನ ಕಾಲಿಗೆ ತನ್ನ ಬಟ್ಟೆಯ ಗಂಟನ್ನು ಒತ್ತುಕೊಟ್ಟಳು.

ಡಾಕ್ಟರರು ತರುಣರು, ಬೇಸತ್ತವರು. ಮೊದಲು ನನ್ನನ್ನು ಕೇಳಿದರು: "ಹಿಂದಿನ ವರ್ಷ ಈ ಹೊತ್ತಿಗೆ, ಇಲ್ಲಾ ಅದಕ್ಕಿಂತ ಸ್ವಲ್ಪ ಮೊದಲು, ಎಲ್ಲೆರ ಬಾವಿ ನೀರು ಕುಡಿದಿದ್ದ್ಯೇನಮ್ಮ?" ಜ್ವರದ ನಡುವೆಯೂ ನಾನು ತಿಂಗಳುಗಳನ್ನು ಹಿಂದಕ್ಕೆ ಎಣಿಸಿದೆ. ಎಣಿಕೆ ಆ ಬೊಗಸೆಗೆ ಹೋಗಿ ನಿಂತಿತು. ಹೇಳಿದೆ. ಅವರು ತಲೆಯಾಡಿಸಿ ಪಟ್ಟಿ ಬಿಚ್ಚಿದರು. ಬಿಚ್ಚಿದವರೇ ಮುಖ ಎತ್ತಿದರು.

"ಇದನ್ನ ಯಾರು ಎಳೆದವರು?"

ಕಾಕಾ ಬಾಗಿಲ ಹತ್ತಿರ ನಿಂತಿದ್ದರು. ಅವರ ಬಾಯಿ ತೆರೆದದ್ದನ್ನು ಕಂಡೆ.

"ನಾನs ಎಳದೇನ್ರಿ ಯಪ್ಪಾ," ಎಂದಳು ಆಯಿ. "ಮುದುಕಿ ಅದೇನಿ. ಕೈ ನಡಗತಾವು."

ಡಾಕ್ಟರರು ಅವಳ ಮೇಲೆ ಹರಿಹಾಯ್ದರು. ನಿಮ್ಮಂಥವರ ಮೂಢತನದಿಂದಲೇ ಓದಿದ ಹುಡುಗಿಯರೂ ಹೆಳವರಾಗುತ್ತಾರೆ, ಬರಬೇಕಾದದ್ದು ಇಲ್ಲಿಗೆ, ಬೇವಿನ ತಪ್ಪಲ ಹತ್ತಿರ ಅಲ್ಲ, ಹಬ್ಬ ಹುಣ್ಣಿಮೆ ಅಂತ ಕಾಯುತ್ತ ಕೂತಿದ್ದಿರೇನು ಎಂದು ಇನ್ನೂ ಏನೇನೋ. ಆಯಿ ಎರಡೂ ಕೈ ಮುಗಿದು "ಹೌದ್ರಿ, ಹೌದ್ರಿ ಯಪ್ಪಾ, ಹುಡುಗಿ ಕಾಲೊಂದು ಮಡಚೂವಂಗ ಮಾಡ್ರಿ," ಎನ್ನುತ್ತ ನಿಂತಳು. ಅವಳ ಕೈ ನಡುಗುತ್ತಿರಲಿಲ್ಲ. ನನಗೆ ಗೊತ್ತಿದ್ದಂತೆ ಆ ಕೈ ಎಂದೂ ನಡುಗಿರಲಿಲ್ಲ.

ಕೀಲನ್ನು ಕೊಯ್ದು ಕೀವು ತೆಗೆದರು. ಕಾಲನ್ನು ನೆಟ್ಟಗೆ ಇಟ್ಟು ಪ್ಲಾಸ್ಟರ್ ಹಾಕಿದರು. ಅಷ್ಟು ದಿನ ಕಾಲು ಉಳಿದರೆ ಸಾಕು ಎನ್ನುತ್ತಿದ್ದ ಮನೆಯವರು ಉಳಿದ ಮೇಲೆ ಇನ್ನೊಂದು ಮಾತಿಗೆ ಬಂದರು: ಮಡಚುತ್ತದೆಯೇ? "ಪ್ಲಾಸ್ಟರ್ ತೆಗೆದ ಮ್ಯಾಲ ನೋಡೂಣು. ದಸರೆತನಕಾ ಕಾಯಬೇಕು," ಎಂದರು ಡಾಕ್ಟರರು. ಅಂದಿನಿಂದ ನನ್ನ ಮಟ್ಟಿಗೆ ಇದ್ದದ್ದು ಆ ಪ್ರಶ್ನೆಯೊಂದೇ.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯವಳು, ಪಡಸಾಲೆಯಲ್ಲಿ ಗಂಟು ಕೊಟ್ಟವಳೇ. ಹೆಸರು ಲಗಮವ್ವ, ಕನಮಡಿಯ ಕಡೆ ಕುರಿ ಕಾಯುವ ಮನೆತನ. ಅವಳ ಎರಡೂ ಪಾದಗಳಲ್ಲಿ ನಾರು ಇತ್ತು.

"ನನಗೆರಡು, ನಿನಗೊಂದs," ಎಂದಳು ಮೊದಲ ದಿನವೇ. "ಸಾಲಿ ಕಲತಾಕಿ ಅಂತ ದೇವ್ರು ನಿನಗ ಕಮ್ಮಿ ಕೊಟ್ಟಾನ ನೋಡು."

ಒಂದೇ ದಿನ, ಒಂದೇ ಮೆಟ್ಟಿಲಲ್ಲಿ ನೀರು ಕುಡಿದ ರಝಿಯಾಳಿಗೆ ಏನೂ ಆಗಲಿಲ್ಲ, ನನಗೇ ಯಾಕೆ ಎಂದು ಅವಳ ಮುಂದೆ ಅತ್ತೆ. ಕಾರಣ ಹುಡುಕುವುದು ನನ್ನ ಸ್ವಭಾವ. ಆ ನೀರು, ಆ ತಿಂಗಳು ಸಿಕ್ಕಿದ್ದವು. ನಾನೇ ಯಾಕೆ ಎಂಬುದು ಸಿಕ್ಕಿರಲಿಲ್ಲ. ಲಗಮವ್ವ ಹಾಸಿಗೆಯಲ್ಲಿ ನನ್ನ ಕಡೆಗೆ ಹೊರಳಿದಳು.

"ನನ್ನ ಕುರಿ ಎಲ್ಲಾ ಒಂದs ಕಡೆ ಮೇಯತಾವು. ಒಂದಕ್ಕ ಮುಳ್ಳು ನಟ್ಟಿತಂದ್ರ ಅದು ಯಾಕ ಅಂತ ನಾ ಕೇಳಿಲ್ಲವ್ವ," ಎಂದಳು. ಆಮೇಲೆ, "ಕೇಳಿದ್ರೂ ಅದು ಏನ್ ಹೇಳೀತು, ಮ್ಯಾ ಅಂತೈತಿ," ಎಂದು ಕುರಿಯಂತೆಯೇ ಕೂಗಿ ತೋರಿಸಿದಳು. ಇಡೀ ವಾರ್ಡು ನಕ್ಕಿತು. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ಅಗಳಿ ಹಾಕಿದ ಮನೆಯಿಂದ ಬಂದ ನನಗೆ, ರೋಗದ ಹೆಸರು ಹಿಡಿದೇ ಗಟ್ಟಿಯಾಗಿ ನಗುವ ಜನರ ನಡುವೆ ಮಲಗುವುದು ದೊಡ್ಡ ಔಷಧವಾಗಿತ್ತು.

ರಝಿಯಾ ತಂಡದವರೊಡನೆ ಧಾರವಾಡಕ್ಕೆ ಹೋಗಿಬಂದು ನೇರವಾಗಿ ವಾರ್ಡಿಗೆ ಬಂದಳು. ಅವಳು ಬಂದದ್ದು ಶ್ರಾವಣದ ಕೊನೆಗೆ ಎಂದು ನಾನು ಬರೆದುಕೊಂಡಿದ್ದೆ. ಮೊನ್ನೆ ಫೋನಿನಲ್ಲಿ ಕೇಳಿದರೆ ಗಣಪತಿ ಕೂಡಿಸಿದ ಮೇಲೆ ಎನ್ನುತ್ತಾಳೆ. ಇದು ಇತ್ಯರ್ಥವಾಗಿಲ್ಲ. "ನಿನ್ನ ಜಾಗಾದಾಗ ನನ್ನ ನಿಲ್ಲಿಸಿದ್ರು. ನಾ ಒಗದ ಚೆಂಡು ಬುಟ್ಟಿ ಒಂದು ಬಿಟ್ಟು ಧಾರವಾಡ ಎಲ್ಲಾ ತಿರಗ್ಯಾಡಿ ಬಂತು," ಎಂದು ನಗಿಸಹೋದಳು. ಯಾರೂ ಆಯ್ಕೆಯಾಗಿರಲಿಲ್ಲ. ನನ್ನ ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ, "ಮುಂದಿನ ವರ್ಷ ಐತಲ್ಲ," ಎಂದಳು. ಮುಂದಿನ ವರ್ಷ ನಮಗೆ ಕೊನೆಯ ವರ್ಷ. ಇನ್ನೂ ಒಂದು ಅವಕಾಶ ಇತ್ತು, ಕಾಲು ಮಡಚಿದರೆ.

ಕಾಕಾ ದಿನವೂ ಬರುತ್ತಿದ್ದರು. ಚಿಗವ್ವ ಕಟ್ಟಿದ ಬುತ್ತಿ ತರುವರು, ಹಾಸಿಗೆಯ ಕಾಲ್ದೆಸೆಯಲ್ಲಿ ನಿಲ್ಲುವರು. ಮೊಣಕಾಲಿನ ಹತ್ತಿರಕ್ಕೆ ಬರುತ್ತಿರಲಿಲ್ಲ. ಅಂಕಣದಲ್ಲಿ ಅಷ್ಟು ಕೂಗುತ್ತಿದ್ದವರ ದನಿ ಮತ್ತೆ ಏರಿದ್ದನ್ನು ನಾನು ಕೇಳಲಿಲ್ಲ. ಒಂದು ದಿನ ಅವರು ಹೋದ ಮೇಲೆ ಲಗಮವ್ವ ಕೇಳಿದಳು: "ಆ ಯಜಮಾನ ನಿನಗೇನಾಗಬೇಕವ್ವ? ತಪ್ಪು ಮಾಡಿದ ಹುಡುಗರು ಸಾಲ್ಯಾಗ ನಿಂತಂಗ ನಿಲ್ಲತಾನ." ನಮ್ಮ ಕಾಕಾ ಎಂದು ಬುತ್ತಿ ಬಿಚ್ಚಿದೆ.

ಪ್ಲಾಸ್ಟರ್ ತೆಗೆದಾಗ ಕಾಲು ನನ್ನದಲ್ಲ ಅನ್ನಿಸಿತು. ತೊಡೆ ಬತ್ತಿ ಕೋಲಾಗಿತ್ತು. ಮೊಣಕಾಲು ಮರದಂತೆ ನೆಟ್ಟಗೆ ನಿಂತಿತ್ತು. ಮನೆಗೆ ಬಂದ ಮೇಲೆ ಹೊರಸಿನ, ಅಂದರೆ ಹಗ್ಗದ ಮಂಚದ, ಅಂಚಿಗೆ ಕೂತು ಕಾಲನ್ನು ಇಳಿಬಿಟ್ಟು, ಪಾದಕ್ಕೆ ಜೋಳ ತುಂಬಿದ ಸಣ್ಣ ಚೀಲ ಕಟ್ಟಿ ಬಗ್ಗಿಸುವುದು ಚಿಕಿತ್ಸೆ. ಆಯಿ ಊರಿಗೆ ಹೋಗದೆ ಉಳಿದಳು. ವಾರಕ್ಕೊಮ್ಮೆ ಚೀಲಕ್ಕೆ ಹಿಡಿ ಜೋಳ ಸೇರಿಸುವವಳು ಅವಳೇ. ನಾನು ಹಲ್ಲು ಕಚ್ಚುತ್ತಿದ್ದೆ. ಅವಳು ನನ್ನ ಬೆನ್ನ ಹಿಂದೆ ಕೂತು, ಬಬಲೇಶ್ವರದಲ್ಲಿ ಯಾರ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡು ಹೋದಳು ಎಂದು ಹೇಳುತ್ತಿದ್ದಳು. ಮೊದಮೊದಲು ಕಾಲು ಸ್ವಲ್ಪ ಸ್ವಲ್ಪ ಬಗ್ಗಿತು. ಹಿಮ್ಮಡಿ ಹೊರಸಿನ ಕಾಲಿನ ಕಡೆಗೆ ಸರಿಯುತ್ತಿತ್ತು. ಅದು ತಾಗಿದ ದಿನ ನಾನು ಆಡುತ್ತೇನೆ ಎಂದು ನನ್ನೊಳಗೇ ಗುರುತು ಹಾಕಿಕೊಂಡಿದ್ದೆ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಅರ್ಧಕ್ಕೆ ಬಂತು. ಅಲ್ಲಿಂದಾಚೆ ಎಷ್ಟು ಜೋಳ ಹಾಕಿದರೂ ಸರಿಯಲಿಲ್ಲ. ಇಂದು ನೋವು ಹೆಚ್ಚಿದೆ, ನಾಳೆ ಬಗ್ಗೀತು ಎಂದುಕೊಳ್ಳುವೆ. ಆಯಿಯೂ ಹಾಗೇ ಹೇಳುವಳು.

ಊಟ ನನಗೆ ಹೊರಸಿನ ಮೇಲೆಯೇ ಬರುತ್ತಿತ್ತು. ಉಳಿದವರೆಲ್ಲ ಅಡುಗೆಮನೆಯಲ್ಲಿ ನೆಲಕ್ಕೆ ಕೂತು, ಕಾಲು ಮಡಚಿ, ಎಂದಿನಂತೆ ಉಣ್ಣುತ್ತಿದ್ದರು. ಅವರ ಮಾತು, ತಾಟಿನ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಒಂದು ಮನೆಯಲ್ಲಿದ್ದೂ ಪರವೂರಿನಲ್ಲಿ ಉಂಡಂತೆ ಆಗುತ್ತಿತ್ತು. ದಸರೆ ಮುಗಿಯಲಿ, ನಾನೂ ಅಲ್ಲಿ ಹೋಗಿ ಕೂರುತ್ತೇನೆ ಎಂದು ಚಿಗವ್ವನಿಗೆ ಹೇಳಿದ್ದೆ.

ದಸರೆಯಾದ ಮೇಲೆ ಡಾಕ್ಟರರು ಮತ್ತೆ ನೋಡಿದರು. ಹಿಡಿದು ಬಗ್ಗಿಸಿದರು, ತಿರುವಿದರು. ನನಗೆ ಏನೂ ಹೇಳದೆ ಕಾಕಾನನ್ನು ಒಳಗಿನ ಕೋಣೆಗೆ ಕರೆದರು. ನಾನು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಎದುರಿಗೆ ಸುಣ್ಣ ಬಳಿದ ಗೋಡೆ. ಅದರ ಮೇಲೆ ಎಣ್ಣೆತಲೆಗಳು ಒರಗಿ ಒರಗಿ ಮೂಡಿದ ಕಲೆಗಳ ಸಾಲು. ಅವನ್ನು ನೋಡುತ್ತಿದ್ದೆ. ಕಾಕಾ ಹೊರಬಂದಾಗ, "ಏನಂದ್ರು?" ಎಂದು ಕೇಳಿದೆ.

"ಇನ್ನೂ ಟೈಮ್ ಹಿಡೀತೈತಂತ," ಎಂದರು. ಟಾಂಗಾದಲ್ಲಿ ಅವರು ಕುದುರೆಯನ್ನೇ ನೋಡುತ್ತ ಬಂದರು.

ಅದಾಗಿ ಕೆಲವೇ ದಿನಗಳಲ್ಲಿ, ಒಂದು ಮಧ್ಯಾಹ್ನ, ಮನೆಯ ಮುಂದೆ ಕೈಗಾಡಿ ನಿಂತಿತು. ಇಬ್ಬರು ಹಮಾಲರು ಸಾಗವಾನಿ ಮೇಜೊಂದನ್ನು ಇಳಿಸಿದರು, ಅದರ ಹಿಂದೆ ನಾಲ್ಕು ಕುರ್ಚಿ. ನಮ್ಮ ಓಣಿಯಲ್ಲಿ ಊಟದ ಮೇಜು ಯಾರ ಮನೆಯಲ್ಲಿಯೂ ಇರಲಿಲ್ಲ. ಮಕ್ಕಳು ಓಡಿಬಂದರು. ಚಿಗವ್ವ ಬಾಗಿಲಲ್ಲಿ ನಿಂತು ಬೆರಗಾಗಿ ಕೇಳಿದಳು: "ಇದೇನ್ರಿ ಇದು? ಕಚೇರಿ ಇಡಾವ್ರೇನ್ರಿ?"

"ಉಣ್ಣಾಕ," ಎಂದರು ಕಾಕಾ. "ಇವತ್ತಿಂದ ಎಲ್ಲಾರೂ ಇದರ ಮ್ಯಾಲs ಉಣ್ಣೂದು."

"ಉಣ್ಣೂದನ್ನ ಈ ವಯಸ್ಸಿನಾಗ ಹೊಸದಾಗಿ ಕಲೀಬೇಕೇನ್ರಿ ನಾವು?" ಎಂದು ಚಿಗವ್ವ ನಗತೊಡಗಿದಳು. ಆಯಿ ಮೇಜಿನ ಹಲಗೆಯನ್ನು ಒಮ್ಮೆ ಅಂಗೈಯಿಂದ ಸವರಿದಳು. ನನ್ನ ಕಡೆ ತಿರುಗಲಿಲ್ಲ. ಒಳಗೆ ಹೋಗಿ, ಹೊರಸಿನ ಕೆಳಗಿದ್ದ ಜೋಳದ ಚೀಲವನ್ನು ಎತ್ತಿಕೊಂಡು ಅಡುಗೆಮನೆಗೆ ಒಯ್ದಳು. ಡಬ್ಬಿಗೆ ಕಾಳು ಸುರಿಯುವ ಸದ್ದು ಕೇಳಿಸಿತು.

ಡಾಕ್ಟರರು ಒಳಗಿನ ಕೋಣೆಯಲ್ಲಿ ಏನು ಹೇಳಿದ್ದರೆಂದು ನನಗೆ ಯಾರೂ ಹೇಳಲಿಲ್ಲ. ಆ ಬಳಿಕವೂ ಯಾರೂ ಹೇಳಲಿಲ್ಲ.

ಅಂದು ಎಲ್ಲರಿಗಿಂತ ಮೊದಲು ಮೇಜಿಗೆ ಕೂತವರು ಕಾಕಾ. ಜನ್ಮದಲ್ಲಿ ಕುರ್ಚಿಯ ಮೇಲೆ ಉಂಡವರಲ್ಲ. ತಾಟು ಎಷ್ಟು ದೂರದಲ್ಲಿ ಇರಬೇಕು, ಮೊಣಕೈ ಎಲ್ಲಿಡಬೇಕು ಎಂದು ತಿಳಿಯದೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ಸರಿದರು. "ಬಾ ಶಾರಿ. ಇಲ್ಲಿ ಕೂಡು, ನನ್ನ ಎದರಿಗೆ," ಎಂದರು. ನಾನು ಗೋಡೆ ಹಿಡಿದು ಹೋಗಿ ಕೂತೆ. ಚಿಗವ್ವ ರೊಟ್ಟಿ, ಬದನೆಯ ಎಣಗಾಯಿ ಪಲ್ಯ ಬಡಿಸಿದಳು.

"ಕಾಕಾ," ಎಂದೆ, "ಮುಂದಿನ ವರ್ಷದ ಆಯ್ಕೆಗೆ..."

"ರೊಟ್ಟಿ ಆರತೈತಿ. ಉಣ್ಣವ್ವ."

ಅವರು ತುತ್ತು ಮುರಿದರು, ಬಾಯಿಗೆ ಇಡಲಿಲ್ಲ. ನಾನು ಬಲಗಾಲನ್ನು ಮೇಜಿನ ಕೆಳಗೆ ಅದಕ್ಕೆ ಬೇಕಾದಷ್ಟು ಉದ್ದಕ್ಕೆ ಚಾಚಿದೆ. ಅದು ಎದುರಿಗಿದ್ದ ಅವರ ಪಾದಕ್ಕೆ ತಾಗಿತು. ಹಿರಿಯರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಹುಟ್ಟಿದಾಗಿನಿಂದ ಕಲಿತದ್ದು. ತಟ್ಟನೆ ಬಗ್ಗಿ ಕೈ ಚಾಚಿದೆ, ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ. ಅದು ಬರಲಿಲ್ಲ.

"ಇರಲಿ ಬಿಡು," ಎಂದರು ಕಾಕಾ, ತಾಟಿನಿಂದ ಮುಖ ಎತ್ತದೆ. "ಅಲ್ಲೇ ಇರಲಿ."